ಗುಜರಿಗೆ ಹಾಕುವ ಮುನ್ನ: ಕೆಟ್ಟ ಇಸ್ತ್ರಿ ಪೆಟ್ಟಿಗೆ, ಮಿಕ್ಸಿಗಳನ್ನು ನಾನು ನೋಡುವ ಕ್ರಮ

ಕೆಟ್ಟಿದೆ ಎಂದು ಮೂಲೆಗೆ ಸೇರುವ ಉಪಕರಣಗಳಲ್ಲಿ ಎಷ್ಟೋ ರಿಪೇರಿ ಆಗುವಂಥವೇ. ಕೈಕೊಟ್ಟಿರುವುದು ವೈರು, ಥರ್ಮಲ್ ಫ್ಯೂಸ್ (ಮಿತಿಮೀರಿ ಬಿಸಿಯಾದರೆ ವಿದ್ಯುತ್ ಕಡಿಯುವ ಫ್ಯೂಸ್) ಇಲ್ಲವೇ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ತುಂಡು). ಹಾಗಾಗಿ ಯಾವುದನ್ನೇ ಆಗಲಿ ಪ್ಲಗ್ಗಿನಿಂದ ಶುರುಮಾಡಿ ಒಳಗಡೆಗೆ ಪರೀಕ್ಷಿಸುತ್ತಾ ಹೋಗುತ್ತೇನೆ.

ಪ್ಲಗ್ ಕಿತ್ತು, ಉಪಕರಣದ ಸ್ವಿಚ್ ಆನ್ ಮಾಡಿಟ್ಟು, ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಮಲ್ಟಿಮೀಟರನ್ನು ಓಮ್ (ವಿದ್ಯುತ್ ತಡೆಯ ಅಳತೆ) ಅಳೆಯಲು ಹಿಡಿಯಿರಿ. 230 ವೋಲ್ಟಿನ 750 ವ್ಯಾಟ್ ಇಸ್ತ್ರಿ ಪೆಟ್ಟಿಗೆಯಾದರೆ ಸುಮಾರು 70 ಓಮ್, 1000 ವ್ಯಾಟಿನದಾದರೆ 53 ಓಮ್ ಬರಬೇಕು. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಸಿಗುವ ಲೆಕ್ಕ ಇದು. ಏನೂ ಬರದಿದ್ದರೆ ವೈರು ಪೆಟ್ಟಿಗೆಯೊಳಕ್ಕೆ ಹೋಗುವ ಬುಡದಲ್ಲಿ ಬಾಗಿಸಿ ನೋಡಿ. ಮೀಟರಿನಲ್ಲಿ ಅಂಕಿ ಬಂದು ಹೋಗುತ್ತಿದ್ದರೆ ತಾಮ್ರದ ಎಳೆ ಅಲ್ಲೇ ತುಂಡಾಗಿದೆ. ಅಷ್ಟನ್ನು ಕತ್ತರಿಸಿ ಮತ್ತೆ ಜೋಡಿಸಿದರಾಯಿತು.

ವೈರು ಸರಿಯಿದ್ದರೆ ಥರ್ಮಲ್ ಫ್ಯೂಸ್ ನೋಡಬೇಕು. ಬದಲಾಯಿಸುವಾಗ ಅದರ ಮೇಲೆ ಬರೆದ ಡಿಗ್ರಿ ಮತ್ತು ಆಂಪಿಯರ್ ಎರಡೂ ಹೊಂದಲೇಬೇಕು. ಬೆಸುಗೆ ಹಾಕಬೇಡಿ, ಆ ಶಾಖಕ್ಕೇ ಹೊಸ ಫ್ಯೂಸ್ ಹಾರಿಹೋಗುತ್ತದೆ, ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ವೈರು ಸೇರಿಸಿ ಇಕ್ಕಳದಿಂದ ಒತ್ತಿ ಬಿಗಿ ಮಾಡಿ). ಫ್ಯೂಸ್ ಬಿಟ್ಟು ನೇರ ವೈರು ಕೊಡುವವರಿದ್ದಾರೆ. ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅಂಟಿಕೊಂಡು ಆಫ್ ಆಗದ ದಿನ ಬೆಂಕಿ ತಡೆಯುವುದು ಆ ಫ್ಯೂಸ್ ಒಂದೇ. ದಯವಿಟ್ಟು ಹಾಗೆ ಮಾಡಬೇಡಿ.

ಮಿಕ್ಸಿ ತಿರುಗದಿದ್ದರೆ ತಳದಲ್ಲಿರುವ ಓವರ್‌ಲೋಡ್ ಗುಂಡಿಯನ್ನು, ಮೋಟರ್ ಆರಿದ ಮೇಲೆ, ಒತ್ತಿ ನೋಡಿ. ಅದಕ್ಕೂ ಜಗ್ಗದಿದ್ದರೆ ಬ್ರಷ್ ಹೊರತೆಗೆಯಿರಿ. ಸವೆದು 5 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸುತ್ತೇನೆ. ಒಂದನ್ನೇ ಹಾಕಿದರೆ ಎರಡೂ ಕಡೆ ಸ್ಪ್ರಿಂಗಿನ ಒತ್ತಡ ಒಂದೇ ಆಗದೆ ಕಿಡಿ ಹೆಚ್ಚುತ್ತದೆ. ಕಮ್ಯುಟೇಟರ್ (ಬ್ರಷ್ ಉಜ್ಜುವ, ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗಿದ್ದರೆ 600ರ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನು ಮರದ ಕಡ್ಡಿಯಿಂದ ತೆಗೆಯಿರಿ. ಈ ಪುಡಿಯೇ ಪಕ್ಕದ ಪಟ್ಟಿಗಳನ್ನು ಶಾರ್ಟ್ ಮಾಡುವುದು. ಬಳಿಕ ಅಕ್ಕಪಕ್ಕದ ಪಟ್ಟಿಗಳ ನಡುವೆ ಒಂದೊಂದಾಗಿ ಓಮ್ ಅಳೆಯುತ್ತಾ ಒಂದು ಸುತ್ತು ಬನ್ನಿ. ಎಲ್ಲ ಕಡೆ ಒಂದೇ ಅಂಕಿ ಬಂದು ಒಂದು ಜೋಡಿಯಲ್ಲಿ ಮಾತ್ರ ಬೇರೆ ಬಂದರೆ ಆರ್ಮೇಚರ್ (ಮೋಟರಿನ ತಿರುಗುವ, ತಾಮ್ರದ ತಂತಿ ಸುತ್ತಿದ ಭಾಗ) ಹೋಗಿದೆ. ಪಟ್ಟಿಗೂ ಶಾಫ್ಟಿಗೂ ನಡುವೆ ಏನೇ ತೋರಿಸಿದರೂ ಅಷ್ಟೇ. ಆರ್ಮೇಚರ್ ಬದಲಾವಣೆಗೆ ಆಗುವ ಖರ್ಚು ನೋಡಿದರೆ ಅಂಥ ಮಿಕ್ಸಿಯನ್ನು ಬಿಡಿಭಾಗಗಳಿಗೆ ಇಟ್ಟುಕೊಳ್ಳುವುದೇ ಲೇಸು.

ಹೊಸ ಬ್ರಷ್ ಹಾಕಿದ ಮೇಲೆ ಜಾರ್ ಇಲ್ಲದೆ ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಅದರ ಮುಖ ಕಮ್ಯುಟೇಟರಿನ ದುಂಡನೆಯ ಆಕಾರಕ್ಕೆ ಒಗ್ಗುತ್ತದೆ.

ಲೋಹದ ಮೈ ಇರುವ ಯಾವುದನ್ನೇ ಆಗಲಿ ವಾಪಸ್ ಬಳಸುವ ಮೊದಲು ಅರ್ತ್ ಪಿನ್ನಿಗೂ ಮೈಗೂ ಸಂಪರ್ಕ ಇದೆಯೇ ಎಂದು ನೋಡಲೇಬೇಕು. ಫೇಸಿಗೂ ಮೈಗೂ ನಡುವೆ 500 ವೋಲ್ಟಿನ ಮೆಗ್ಗರಿನಲ್ಲಿ (ವಿದ್ಯುತ್ ಸೋರಿಕೆ ಇದೆಯೇ ಎಂದು ತೋರಿಸುವ ಮೀಟರು) 1 ಮೆಗಾಓಮಿಗಿಂತ ಕಡಿಮೆ ಬಂದದ್ದನ್ನು ನಾನು ಯಾರಿಗೂ ಕೊಡುವುದಿಲ್ಲ. ಮೈಕ್ರೋವೇವ್ ಓವನ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ರಿಪೇರಿಯಾಗದ್ದರಿಂದ ಸ್ವಿಚ್, ಥರ್ಮೋಸ್ಟಾಟ್, ಕಪ್ಲರ್ (ಮೋಟರನ್ನು ಜಾರಿಗೆ ಜೋಡಿಸುವ ಭಾಗ), ಸ್ಕ್ರೂ, ಒಳ್ಳೆಯ ವೈರು ತೆಗೆದಿಟ್ಟು, ಪ್ರತಿಯೊಂದಕ್ಕೂ ಆಂಪಿಯರ್ ಬರೆದ ಚೀಟಿ ಅಂಟಿಸುತ್ತೇನೆ. ತಾಮ್ರಕ್ಕಾಗಿ ವೈರು ಸುಡಬೇಡಿ, ಪಿವಿಸಿ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಬ್ಲೇಡಿನಿಂದ ಸಿಪ್ಪೆ ಸುಲಿಯಿರಿ. ಟ್ರಿಮ್ಮರಿನಂಥವುಗಳಿಂದ ಬಂದ ಲಿಥಿಯಂ ಬ್ಯಾಟರಿಯ ಎರಡೂ ತುದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಪಡೆಯುವವರಿಗೆ ಪ್ರತ್ಯೇಕವಾಗಿ ಕೊಡಿ. ಉಳಿದ ಹೊರಮೈಯನ್ನು ಕೊಡುವಾಗ ಪ್ಲಗ್ ಕತ್ತರಿಸಿಬಿಡಿ, ಯಾರೂ ಅದನ್ನು ಮತ್ತೆ ಸಾಕೆಟ್ಟಿಗೆ ಹಾಕದಿರಲಿ.