ಶುಕ್ರವಾರ ಮಧ್ಯಾಹ್ನ ಒಂದು ಗಂಟೆ: ಲಂಡನ್ನಿನಲ್ಲಿ ನಾಟಕ, ಸಂಗೀತ, ಸಿನಿಮಾ ನೋಡುವ ದಾರಿ

ಶರಣಬಸವೇಶ್ವರರ ಜಾತ್ರೆಗೆ ಅಂತ ಈ ಸಲ ಕಲಬುರಗಿಗೆ ಬಂದಿದ್ದೆ. ಹೋಳಿ ಹುಣ್ಣಿಮೆ ಆಗಿ ಐದು ದಿನಕ್ಕೆ ತೇರು. ತೇರಿನ ಮರುದಿನ ರಾತ್ರಿ ಬ್ರಹ್ಮಪುರದಲ್ಲಿ ಅಕ್ಕನ ಮನೆಯ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ಅಕ್ಕನ ಮಗ ಈ ಸೆಪ್ಟೆಂಬರ್‌ನಲ್ಲಿ ಓದಲು ಲಂಡನ್ನಿಗೆ ಹೊರಟಿದ್ದಾನೆ. ಕಾಲೇಜಿನಲ್ಲಿ ನಾಟಕ ಮಾಡಿದ ಹುಡುಗ. ಮಿರ್ಚಿ ಭಜಿ ತಿನ್ನುತ್ತಾ ಕೇಳಿದ:

"ಮಾಮಾ, ಅಲ್ಲಿ ನಾಟಕ ನೋಡಬೇಕಂದ್ರ ಭಾಳ ರೊಕ್ಕ ಬೇಕಲ್ಲ? ಒಂದು ಟಿಕೀಟಿಗೆ ನೂರು ಪೌಂಡ್ ಅಂತಾರ."

ಲಂಡನ್ನಿಗೆ ಹೋದ ಮೊದಲ ಎರಡು ವರ್ಷ ನಾನೂ ಇದನ್ನೇ ನಂಬಿ ಮನೆಯಲ್ಲಿ ಕೂತಿದ್ದೆ. ಆ ಎರಡು ವರ್ಷ ಹೋದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೂರು ಪೌಂಡಿನ ಟಿಕೆಟ್ ಇರುವುದು ನಿಜ. ಆದರೆ ಅದೇ ರಾತ್ರಿ, ಅದೇ ನಾಟಕಕ್ಕೆ, ಹತ್ತು ಪೌಂಡ್ ಕೊಟ್ಟು ಒಳಗೆ ಕೂತವರೂ ಇರುತ್ತಾರೆ. ಅವರಿಗೆ ಯಾರ ಪರಿಚಯವೂ ಇರುವುದಿಲ್ಲ. ಟಿಕೆಟ್ ಯಾವ ದಿನ, ಎಷ್ಟು ಗಂಟೆಗೆ ಬಿಡುತ್ತಾರೆ ಅನ್ನುವುದು ಗೊತ್ತಿರುತ್ತದೆ, ಅಷ್ಟೇ. ಅವತ್ತು ಮಾಳಿಗೆ ಮೇಲೆ ಅವನಿಗೆ ಹೇಳಿದ್ದನ್ನೇ ನಮ್ಮ ಕಡೆಯಿಂದ ಹೋಗುವ ಎಲ್ಲರಿಗೂ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ರೂಢಿ ಬೇರೆ. ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಕಾರ್ಯಕ್ರಮ ಇದ್ದರೆ ಆಮಂತ್ರಣ ಪತ್ರಿಕೆ ಫೋನಿಗೆ ಬರುತ್ತದೆ. ಕೊನೆಗೆ ‘ಸರ್ವರಿಗೂ ಸ್ವಾಗತ’ ಅಂತಿರುತ್ತದೆ. ಹೋಗಿ ಕೂತರಾಯಿತು. ಆರು ಗಂಟೆ ಅಂದರೆ ಏಳಕ್ಕೆ ಶುರು. ಕಂಪನಿ ನಾಟಕವಾದರೆ ಊಟ ಮುಗಿಸಿಯೇ ಹೋಗಬಹುದು. ಲಂಡನ್ನಿನಲ್ಲಿ ಈ ಎರಡು ಅಭ್ಯಾಸವನ್ನು ಬಿಡಬೇಕು: ಹೋದಾಗ ಟಿಕೆಟ್ ಸಿಗುತ್ತದೆ ಅನ್ನುವುದು, ತಡವಾದರೂ ನಡೆಯುತ್ತದೆ ಅನ್ನುವುದು. ಏಳೂವರೆ ಅಂದರೆ ಏಳೂವರೆಗೆ ಪರದೆ ಏಳುತ್ತದೆ. ಏಳು ಮೂವತ್ತೈದಕ್ಕೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಡುವೆ ಸರಿಯಾದ ಜಾಗ ಬಂದಾಗ ಒಳಗೆ ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಂಟರ್ವಲ್‌ವರೆಗೆ ಹೊರಗೆ ಟಿವಿಯಲ್ಲಿ ನೋಡಬೇಕು. ಅರ್ಧ ಗಂಟೆ ಮೊದಲೇ ಹೋಗಿ.

ಈಗ ಟಿಕೆಟ್ ವಿಷಯ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ನ್ಯಾಷನಲ್ ಥಿಯೇಟರ್ ಇದೆ. 1963ರಲ್ಲಿ ಶುರುವಾದ ಸಂಸ್ಥೆ, ಈಗಿನ ಕಟ್ಟಡಕ್ಕೆ ಬಂದದ್ದು 1976ರಲ್ಲಿ. ಒಳಗೆ ಮೂರು ರಂಗಮಂದಿರಗಳಿವೆ: ಒಲಿವಿಯರ್, ಲಿಟಲ್‌ಟನ್, ಡಾರ್ಫ್‌ಮನ್. ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ, ಮುಂದಿನ ವಾರದ ನಾಟಕಗಳಿಗೆ 10 ಪೌಂಡಿನ ಒಂದಿಷ್ಟು ಟಿಕೆಟ್‌ಗಳನ್ನು ಅವರ ವೆಬ್‌ಸೈಟಿನಲ್ಲಿ ಬಿಡುತ್ತಾರೆ. ಇದಕ್ಕೆ ‘ಫ್ರೈಡೇ ರಶ್’ ಅಂತ ಹೆಸರು. ನಿಮ್ಮ ಖಾತೆ ಮೊದಲೇ ತೆರೆದಿಟ್ಟುಕೊಳ್ಳಿ, ಕಾರ್ಡ್ ಕೈಯಲ್ಲಿರಲಿ, ಒಂದಕ್ಕೆ ಐದು ನಿಮಿಷ ಇರುವಾಗಲೇ ಒಳಗೆ ಹೋಗಿ ಪಾಳಿಯಲ್ಲಿ ನಿಲ್ಲಿ. ಆನ್‌ಲೈನಿನಲ್ಲೂ ಪಾಳಿ ಇರುತ್ತದೆ. ನಿಮ್ಮ ಮುಂದೆ ಎಷ್ಟು ಜನ ಅಂತ ತೋರಿಸುತ್ತದೆ. ಆ ಸಂಖ್ಯೆ ನೋಡಿ ಎದೆ ಒಡೆದುಕೊಂಡು ಎದ್ದು ಹೋಗಬೇಡಿ. ಎಷ್ಟೋ ಜನ ನಡುವೆಯೇ ಬಿಟ್ಟು ಹೋಗುತ್ತಾರೆ, ಕಾದವರಿಗೆ ಸಿಗುತ್ತದೆ.

ಊರಲ್ಲಿರುವಾಗಲೇ ಇದನ್ನು ಅಭ್ಯಾಸ ಮಾಡಬಹುದು. ಅಲ್ಲಿ ಒಂದು ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಐದೂವರೆ. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಆರೂವರೆ. ಆ ದೇಶದಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ಅದು ನೆನಪಿರಲಿ.

ವೆಸ್ಟ್ ಎಂಡ್ ಅನ್ನುವುದು ಊರ ನಡುವಿನ ದೊಡ್ಡ ವ್ಯಾಪಾರಿ ರಂಗಮಂದಿರಗಳ ಜಾಗ. ನಮ್ಮ ಕಂಪನಿ ನಾಟಕಗಳ ಹಾಗೆ ಇವು ಟಿಕೆಟ್ ದುಡ್ಡಿನ ಮೇಲೆಯೇ ನಡೆಯುತ್ತವೆ. ಅದಕ್ಕೇ ಬೆಲೆ ಜಾಸ್ತಿ. ಇಲ್ಲೂ ಆ ದಿನದ ಟಿಕೆಟ್ ಅಂತ ಬೆಳಿಗ್ಗೆ ಒಂದಿಷ್ಟನ್ನು ಕಡಿಮೆ ಬೆಲೆಗೆ ಕೊಡುವ ರಂಗಮಂದಿರಗಳಿವೆ. ಕೆಲವರು ಬಾಕ್ಸ್ ಆಫೀಸಿನಲ್ಲಿ ಕೊಡುತ್ತಾರೆ, ಕೆಲವರು ಟುಡೇಟಿಕ್ಸ್ ಆ್ಯಪಿನಲ್ಲಿ. ಲೆಸ್ಟರ್ ಸ್ಕ್ವೇರಿನಲ್ಲಿ ಕಡಿಮೆ ಬೆಲೆಗೆ ಟಿಕೆಟ್ ಮಾರುವ ಟಿಕೆಟಿಎಸ್ ಅನ್ನುವ ಗೂಡು 1980ರಿಂದ ಇದೆ, ರಂಗಮಂದಿರಗಳ ಸಂಘದವರೇ ನಡೆಸುತ್ತಾರೆ. ಸುತ್ತಮುತ್ತ ‘ಅರ್ಧ ಬೆಲೆ’ ಬೋರ್ಡ್ ಹಾಕಿದ ಬೇರೆ ಅಂಗಡಿಗಳನ್ನು ನೋಡಿ ಮೋಸ ಹೋಗಬೇಡಿ. ಹೊಸ ನಾಟಕ ಶುರುವಾದ ಮೊದಲ ಕೆಲವು ದಿನಗಳನ್ನು ‘ಪ್ರಿವ್ಯೂ’ ಅನ್ನುತ್ತಾರೆ. ಪತ್ರಿಕೆಯವರು ಬರುವ ಮೊದಲಿನ ಪ್ರದರ್ಶನಗಳು ಇವು, ಸಾಮಾನ್ಯವಾಗಿ ಬೆಲೆ ಕಡಿಮೆ. ನನಗಂತೂ ಪ್ರಿವ್ಯೂ ಇಷ್ಟ. ನಾಟಕ ಇನ್ನೂ ಹಸಿಯಾಗಿರುತ್ತದೆ.

ಸೀಟಿನ ಹೆಸರುಗಳು ಮೊದಲು ಗೊಂದಲ ಮಾಡುತ್ತವೆ. ಸ್ಟಾಲ್ಸ್ ಅಂದರೆ ಕೆಳಗೆ, ನೆಲದ ಮಟ್ಟ. ಅದರ ಮೇಲೆ ಡ್ರೆಸ್ ಸರ್ಕಲ್, ಅದರ ಮೇಲೆ ಅಪ್ಪರ್ ಸರ್ಕಲ್, ಎಲ್ಲಕ್ಕಿಂತ ಮೇಲೆ ಬಾಲ್ಕನಿ ಅಥವಾ ಗ್ಯಾಲರಿ. ನಮ್ಮ ಟಾಕೀಸಿನಲ್ಲಿ ಬಾಲ್ಕನಿಗೆ ಹೆಚ್ಚು ದುಡ್ಡು, ಗಾಂಧಿ ಕ್ಲಾಸು ಮುಂದೆ. ಅಲ್ಲಿ ಉಲ್ಟಾ, ಬಾಲ್ಕನಿಯೇ ಗಾಂಧಿ ಕ್ಲಾಸು. ಹಳೇ ಕಟ್ಟಡಗಳಲ್ಲಿ ಅಲ್ಲಿಗೆ ಲಿಫ್ಟ್ ಇಲ್ಲದೆಯೂ ಇರಬಹುದು. ಮೊಣಕಾಲು ನೋವಿನ ಅಪ್ಪ ಅವ್ವನನ್ನು ಕರೆದುಕೊಂಡು ಹೋಗುವವರು ಮೊದಲೇ ಫೋನ್ ಮಾಡಿ ಕೇಳಿ. ‘ರಿಸ್ಟ್ರಿಕ್ಟೆಡ್ ವ್ಯೂ’ ಅಂತ ಬರೆದಿದ್ದರೆ ಮುಂದೆ ಕಂಬವೋ ಕಟಕಟೆಯೋ ಅಡ್ಡ ಇದೆ ಅಂತ ಅರ್ಥ.

ಅವ್ವನ ಮಾತು ಬಂದದ್ದಕ್ಕೆ ಗ್ಲೋಬ್ ಬಗ್ಗೆ ಹೇಳಲೇಬೇಕು. ಶೇಕ್ಸ್‌ಪಿಯರನ ಕಾಲದ ರಂಗಮಂದಿರದ ಮಾದರಿಯಲ್ಲಿ ಮರದಿಂದ ಕಟ್ಟಿ 1997ರಲ್ಲಿ ತೆರೆದದ್ದು. ನಡುವೆ ಸೂರಿಲ್ಲ, ಆಕಾಶವೇ ಮೇಲೆ. ವೇದಿಕೆಯ ಸುತ್ತಲಿನ ಅಂಗಳದಲ್ಲಿ ಸುಮಾರು 700 ಜನ ನಿಂತು ನೋಡುತ್ತಾರೆ. ನಿಲ್ಲುವ ಟಿಕೆಟ್ 5 ಪೌಂಡಿನಿಂದ ಶುರು. ಕೂಡುವಂತಿಲ್ಲ, ಕೊಡೆ ಬಿಚ್ಚುವಂತಿಲ್ಲ.

ಅವ್ವ ಬೇಸಿಗೆಗೆ ಲಂಡನ್ನಿಗೆ ಬಂದಾಗ ಒಂದು ಮಧ್ಯಾಹ್ನ ಕರೆದುಕೊಂಡು ಹೋದೆ. ನಾವು ಬೇಗ ಹೋಗಿದ್ದರಿಂದ ವೇದಿಕೆಗೆ ಅಂಟಿಕೊಂಡೇ ಜಾಗ ಸಿಕ್ಕಿತು. ಅವ್ವ ಎರಡೂ ಮೊಣಕೈಯನ್ನು ವೇದಿಕೆಯ ಹಲಗೆ ಮೇಲೆ ಊರಿ ನಿಂತಳು. ಅವಳಿಗೆ ಇಂಗ್ಲಿಷ್ ಬಾರದು. ನಟರು ಜನರ ನಡುವಿನಿಂದಲೇ ದಾರಿ ಮಾಡಿಕೊಂಡು ವೇದಿಕೆ ಹತ್ತಿದರು. ಒಬ್ಬನ ಬಟ್ಟೆಯ ಅಂಚು ಅವ್ವನ ಕೈಗೆ ತಾಗಿತು. ಅರ್ಧಕ್ಕೆ ಮಳೆ ಬಂತು. ಜನ ಪ್ಲಾಸ್ಟಿಕ್ ಕೋಟು ಹಾಕಿಕೊಂಡರು, ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಅಲ್ಲೇ ನಿಂತಳು. "ಹೊರಗ ಕೂಡೋಣೇನವ್ವ?" ಅಂದೆ. "ಸುಮ್ನಿರು. ಅವ ಈಗ ಸಾಯ್ತಾನ" ಅಂದಳು. ಅವನು ಸತ್ತ. ಹೊರಗೆ ಬಂದ ಮೇಲೆ "ಇದು ನಮ್ಮ ದೊಡ್ಡಾಟ ಇದ್ದಂಗೇ ಅದ ಅಲ್ಲೋ" ಅಂದಳು. ಕಾಲು ನೋಯುವವರಿಗೆ ಸುತ್ತಲೂ ಬೆಂಚುಗಳಿವೆ, ಬೆಲೆ ಹೆಚ್ಚು. ಬರಿ ಮರದ ಬೆಂಚು, ಬಾಡಿಗೆಗೆ ಕುಶನ್ ಕೊಡುತ್ತಾರೆ. ತಗೊಳ್ಳಿ.

ಸಂಗೀತದಲ್ಲಿ ಇದೇ ಥರದ ನಿಲ್ಲುವ ಟಿಕೆಟ್ ಪ್ರಾಮ್ಸ್‌ನಲ್ಲಿದೆ. 1895ರಲ್ಲಿ ಶುರುವಾದ ಸಂಗೀತೋತ್ಸವ ಇದು, ಈಗ ಬಿಬಿಸಿ ನಡೆಸುತ್ತದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಹೆಚ್ಚುಕಡಿಮೆ ದಿನಾ ಕಚೇರಿ. ನಿಂತು ಕೇಳುವ ಟಿಕೆಟ್ 2024ರಲ್ಲಿ 8 ಪೌಂಡ್ ಇತ್ತು, ಅದೇ ದಿನ ಬೆಳಿಗ್ಗೆ ಆನ್‌ಲೈನಿನಲ್ಲಿ ಬಿಡುತ್ತಾರೆ. ನಿಲ್ಲುವ ಜಾಗ ವೇದಿಕೆಯ ಎದುರಿಗೇ ಇದೆ. ಹೆಚ್ಚು ದುಡ್ಡು ಕೊಟ್ಟವರು ನಿಮ್ಮ ಹಿಂದೆ ಕೂತಿರುತ್ತಾರೆ. ಒಂದು ಪದ್ಧತಿ ತಿಳಿದಿರಲಿ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಒಂದು ಕೃತಿಗೆ ಮೂರು ನಾಲ್ಕು ಭಾಗಗಳಿರುತ್ತವೆ. ನಡುವೆ ನಿಲ್ಲಿಸಿದಾಗ ಚಪ್ಪಾಳೆ ತಟ್ಟುವುದಿಲ್ಲ. ನಮ್ಮ ಹಾಗೆ ‘ವಾಹ್’ ಅನ್ನುವ ರೂಢಿಯೂ ಇಲ್ಲ. ಉಳಿದವರು ತಟ್ಟಿದಾಗ ತಟ್ಟಿದರೆ ಸಾಕು. ವಿಗ್ಮೋರ್ ಹಾಲ್ ಅಂತ 1901ರ ಸಣ್ಣ ಸಭಾಂಗಣ ಇದೆ. 35 ವರ್ಷದೊಳಗಿನವರಿಗೆ ಅಲ್ಲಿ 5 ಪೌಂಡಿನ ಟಿಕೆಟ್ ಯೋಜನೆ ಇದೆ. ವಿದ್ಯಾರ್ಥಿಗಳು ಬಿಡಬೇಡಿ.

ಹಿಂದುಸ್ತಾನಿ, ಕರ್ನಾಟಕ ಸಂಗೀತದ ಹಸಿವಾದರೆ ಪಶ್ಚಿಮ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾಭವನಕ್ಕೆ ಹೋಗಿ. ಸಂಗೀತ ಕಚೇರಿಯೂ ಇರುತ್ತದೆ, ಮಕ್ಕಳಿಗೆ ಪಾಠವೂ ಇರುತ್ತದೆ. 2006ರಲ್ಲಿ ಶುರುವಾದ ದರ್ಬಾರ್ ಉತ್ಸವಕ್ಕೆ ನಮ್ಮ ದೇಶದಿಂದ ದೊಡ್ಡ ದೊಡ್ಡ ಕಲಾವಿದರು ಹೋಗುತ್ತಾರೆ.

ಸಿನಿಮಾ ವಿಷಯದಲ್ಲಿ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಮಕ್ಕಳಿರುವವರು ಕೇಳಿ. ಅಲ್ಲಿ ಸರ್ಟಿಫಿಕೇಟ್ ಕೊಡುವುದು ಬಿಬಿಎಫ್‌ಸಿ. ಯು, ಪಿಜಿ, 12ಎ, 15, 18 ಅಂತ ದರ್ಜೆಗಳು. 12ಎ ಅಂದರೆ ಹನ್ನೆರಡರೊಳಗಿನ ಮಗು ದೊಡ್ಡವರ ಜೊತೆ ಬರಬಹುದು. 15 ಅಂದರೆ ಹದಿನೈದು ತುಂಬದ ಮಗು ಬರುವಂತೆಯೇ ಇಲ್ಲ, ತಂದೆ ತಾಯಿ ಜೊತೆಗಿದ್ದರೂ ಇಲ್ಲ. ನಮ್ಮ ಯುಎ ಅಭ್ಯಾಸದಲ್ಲಿ "ನಾವಿದ್ದೀವಲ್ಲ" ಅಂತ ಹೋಗಿಬಿಡುತ್ತೇವೆ. ಒಂದು ಕನ್ನಡ ಸಿನಿಮಾಕ್ಕೆ ನಾವು ಮೂರು ಮನೆಯವರು ಒಂದೂವರೆ ತಾಸು ಪ್ರಯಾಣ ಮಾಡಿ ಹೋಗಿದ್ದೆವು. ಸಿನಿಮಾಕ್ಕೆ 15 ಸಿಕ್ಕಿತ್ತು, ಯಾರೂ ನೋಡಿರಲಿಲ್ಲ. ಬಾಗಿಲಲ್ಲಿ ಹನ್ನೊಂದು ವರ್ಷದ ಮಗಳನ್ನು ತಡೆದರು. ಕನ್ನಡ ಸಿನಿಮಾ ಅಂತ ಅವಳು ಅಮ್ಮನ ಹಳದಿ ಕೆಂಪು ಶಾಲು ಹೊದ್ದು ಬಂದಿದ್ದಳು. ನಾನು ಅವಳ ಜೊತೆ ಹೊರಗೆ ಬೆಂಚಿನ ಮೇಲೆ ಎರಡೂವರೆ ತಾಸು ಕೂತೆ. ಬಾಗಿಲ ಹುಡುಗನ ತಪ್ಪೇನಿಲ್ಲ, ಅವನು ಬಿಟ್ಟಿದ್ದರೆ ಸಿನಿಮಾ ಮಂದಿರದ ಲೈಸೆನ್ಸಿಗೇ ತೊಂದರೆ. ಬುಕ್ ಮಾಡುವ ಮೊದಲು ಆ ಸಂಖ್ಯೆ ನೋಡಿ.

ಕನ್ನಡ ಸಿನಿಮಾ ಅಲ್ಲಿ ಒಂದೋ ಎರಡೋ ವಾರಾಂತ್ಯ ಅಷ್ಟೇ ಇರುತ್ತದೆ. ಸುದ್ದಿ ಬರುವುದು ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ. ಹೋದ ಮೊದಲ ವಾರವೇ ನಿಮ್ಮ ಭಾಗದ ಗುಂಪಿಗೆ ಸೇರಿಕೊಳ್ಳಿ. ಊರಿನ ಉಳಿದ ಸುದ್ದಿಗೆ ಟೈಮ್ ಔಟ್ ವೆಬ್‌ಸೈಟ್ ಇದೆ. ನಿಮ್ಮ ಬಡಾವಣೆಯ ಲೈಬ್ರರಿಯ ನೋಟಿಸ್ ಬೋರ್ಡನ್ನೂ ನೋಡಿ. ಪುಕ್ಕಟೆ ಕಾರ್ಯಕ್ರಮಗಳ ಸುದ್ದಿ ಅಲ್ಲಿ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಟೇಟ್ ಮಾಡರ್ನ್ ಇವುಗಳ ಒಳಗೆ ಹೋಗಲು ದುಡ್ಡಿಲ್ಲ. ವಿಶೇಷ ಪ್ರದರ್ಶನಕ್ಕೆ ಮಾತ್ರ ಟಿಕೆಟ್.

ಡಿಸೆಂಬರ್‌ನಲ್ಲಿ ಪ್ಯಾಂಟೊಮೈಮ್ ಅಂತ ಬರುತ್ತದೆ. ಹೆಸರು ಕೇಳಿ ಮೂಕಾಭಿನಯ ಅಂದುಕೊಳ್ಳಬೇಡಿ, ಪೂರ್ತಿ ಗದ್ದಲ. ಗಂಡಸು ಹೆಂಗಸಿನ ವೇಷ ಹಾಕುತ್ತಾನೆ, ಖಳನಾಯಕ ಬಂದರೆ ಇಡೀ ಮಂದಿರ ‘ಬೂ’ ಅನ್ನುತ್ತದೆ, "ನಿನ್ನ ಹಿಂದೆ ಇದ್ದಾನೆ!" ಅಂತ ಮಕ್ಕಳು ಕೂಗುತ್ತಾರೆ. ಜಾತ್ರೆಯ ತಂಬಿನಲ್ಲಿ ಸೀಟಿ ಹೊಡೆದು ಬೆಳೆದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ನಾಟಕ ಬೇರೆ ಇಲ್ಲ.

ನೋಡುವುದಷ್ಟೇ ಅಲ್ಲ, ನಾವೇ ಒಂದು ನಾಟಕ ಆಡಬೇಕು ಅಂತ ಅಕ್ಕನ ಮಗನಿಗೆ ಆಸೆ. ಆಡಬಹುದು. ಇಂಗ್ಲೆಂಡಿನಲ್ಲಿ 2013ರಿಂದ, ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರೊಳಗೆ, 500 ಜನರವರೆಗಿನ ಪ್ರೇಕ್ಷಕರಿಗೆ ನಾಟಕ ಆಡಲು ಬೇರೆ ಲೈಸೆನ್ಸ್ ಬೇಡ. ಹನ್ನೊಂದು ದಾಟಿದರೆ ಅಥವಾ ಮದ್ಯ ಮಾರಿದರೆ ಕೌನ್ಸಿಲಿಗೆ, ಅಂದರೆ ಅಲ್ಲಿನ ನಗರಸಭೆಗೆ, ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು. ಅದಕ್ಕೆ 21 ಪೌಂಡ್ ಶುಲ್ಕ, ಹತ್ತು ಕೆಲಸದ ದಿನ ಮೊದಲೇ ಕೊಡಬೇಕು, ಜನ 499 ಮೀರಬಾರದು. ಹಾಡು ಹಾಕುವುದಿದ್ದರೆ ಸಭಾಂಗಣದವರ ಹತ್ತಿರ ಅದಕ್ಕೆ ಬೇಕಾದ ಪಿಪಿಎಲ್ ಪಿಆರ್‌ಎಸ್ ಲೈಸೆನ್ಸ್ ಇದೆಯಾ ಕೇಳಿ. ನಾಟಕ ಬರೆದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ದೀಪ ಬೆಳಗುವುದನ್ನೂ ಮೊದಲೇ ಕೇಳಬೇಕು. ಎಷ್ಟೋ ಸಭಾಂಗಣಗಳಲ್ಲಿ ಬೆಂಕಿ ಹಚ್ಚುವಂತಿಲ್ಲ, ಊದುಬತ್ತಿಯ ಹೊಗೆಗೂ ಅಲಾರಂ ಹೊಡೆದುಕೊಳ್ಳಬಹುದು.

ರಾತ್ರಿ ವಾಪಸ್ ಬರುವ ಚಿಂತೆ ಅಕ್ಕನಿಗೆ. ವಾರದ ದಿನ ಟ್ಯೂಬ್ ರೈಲು ಹನ್ನೆರಡರ ಆಸುಪಾಸಿನವರೆಗೆ ಇರುತ್ತದೆ. ಶುಕ್ರವಾರ, ಶನಿವಾರ ಸೆಂಟ್ರಲ್, ಜುಬಿಲಿ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ ಮಾರ್ಗಗಳಲ್ಲಿ ರಾತ್ರಿಯಿಡೀ ಓಡುತ್ತದೆ, ಎಲ್ಲ ಸ್ಟೇಷನ್ನಿಗೂ ಅಲ್ಲ. ಮಧ್ಯಾಹ್ನದ ಆಟ ನೋಡಿದರೆ ಈ ಚಿಂತೆಯೇ ಇಲ್ಲ. ನ್ಯಾಷನಲ್ ಥಿಯೇಟರಿನಿಂದ ಹೊರಗೆ ಬಂದು ನದಿ ಬಲಗಡೆ ಇರುವಂತೆ ದಂಡೆ ಹಿಡಿದು ನಡೆಯಿರಿ. ಅರ್ಧ ಗಂಟೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಮೂರ್ತಿ ಇದೆ. 2015ರ ನವೆಂಬರ್ 14ರಂದು ಅನಾವರಣ ಆದದ್ದು. ಕಲ್ಯಾಣದಿಂದ ಅಷ್ಟು ದೂರದಲ್ಲಿ ಆ ಮುಖ ನೋಡಿದ ದಿನ ನಾನು ಅಲ್ಲೇ ಬಹಳ ಹೊತ್ತು ನಿಂತಿದ್ದೆ.

ಇಷ್ಟೆಲ್ಲ ಹೇಳುವಷ್ಟರಲ್ಲಿ ಭಜಿ ಆರಿ ಹೋಗಿತ್ತು. ಅಕ್ಕ ಕೆಳಗಿನಿಂದ "ಚಹಾ ಇಡ್ಲೇನೋ?" ಅಂತ ಕೂಗಿದಳು. ಹುಡುಗ ಫೋನ್ ತೆಗೆದು ಅಲಾರಂ ಇಡುತ್ತಿದ್ದ. ಶುಕ್ರವಾರ, ಸಂಜೆ ಆರು ಇಪ್ಪತ್ತೈದು.

"ಈಗ್ಯಾಕೋ? ನೀ ಹೋಗೋದು ಸೆಪ್ಟೆಂಬರ್‌ದಾಗ ಅಲ್ಲ?" ಅಂದೆ.

"ಪಾಳಿ ಹೆಂಗಿರ್ತದ ನೋಡ್ತೀನಿ, ಮಾಮಾ."