ಸ್ಟಿಕ್ ತಾನಾಗಿ ಸರಿದರೆ: ಬಿಸಿಲನಾಡಿನವರಿಗೆ ಗೇಮ್ ಕಂಟ್ರೋಲರ್ ಕೈಪಿಡಿ

ಕೈ ಬಿಟ್ಟರೂ ಗೇಮಿನ ಕ್ಯಾಮೆರಾ ಮೆಲ್ಲಗೆ ಎಡಕ್ಕೆ ಜಾರುತ್ತದೆ, ಗುರಿ ಇಟ್ಟಲ್ಲಿ ನಿಲ್ಲುವುದಿಲ್ಲ. ಹೀಗಾದಾಗ ಗೇಮನ್ನು ಬೈಯುವ ಮೊದಲು ಕಂಟ್ರೋಲರ್ ನೋಡಿ. ಕಲಬುರಗಿ, ಯಾದಗಿರಿಯ ಕರಿಮಣ್ಣಿನ ಧೂಳು, ಬೀದರಿನ ಕೆಂಪು ಧೂಳು, ಮೇ ತಿಂಗಳ ಬಿಸಿಲಿಗೆ ಬೆವರುವ ಅಂಗೈ: ಇವೆಲ್ಲ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕೋಲಿನ, ಅಂದರೆ ಸ್ಟಿಕ್ಕಿನ, ಬುಡದ ಸಂದಿಯಿಂದ ಒಳಗೆ ಇಳಿಯುತ್ತವೆ.

ಸಾಮಾನ್ಯ ಸ್ಟಿಕ್ಕಿನ ಕೆಳಗೆ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಪ್ರತಿಯೊಂದರಲ್ಲೂ ಕಾರ್ಬನ್ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಅದು ನಿಂತ ಜಾಗಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಪಟ್ಟಿ ಸವೆದರೆ ಅಥವಾ ನಡುವೆ ಧೂಳು ಕೂತರೆ, ಸ್ಟಿಕ್ ನೆಟ್ಟಗೆ ನಿಂತಿದ್ದರೂ ವೋಲ್ಟೇಜ್ ನಡುಬಿಂದುವಿಗೆ ಬರುವುದಿಲ್ಲ. ಇದೇ ಡ್ರಿಫ್ಟ್.

ಮೊದಲು ಪರೀಕ್ಷೆ. ವಿಂಡೋಸ್ ಸರ್ಚ್‌ನಲ್ಲಿ ‘ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್’ ತೆರೆದು ಪ್ರಾಪರ್ಟೀಸ್ ಒತ್ತಿ. ಚೌಕದೊಳಗೆ ಕೂಡು (+) ಗುರುತು ಕಾಣುತ್ತದೆ. ಸ್ಟಿಕ್ಕನ್ನು ಒಂದೊಂದು ದಿಕ್ಕಿಗೂ ಹತ್ತು ಸಲ ತಳ್ಳಿ, ಥಟ್ಟನೆ ಬಿಡಿ. ಗುರುತು ಪ್ರತಿ ಸಲ ನಡುವಿಗೆ ಮರಳಿದರೆ ಸ್ಟಿಕ್ ಸರಿಯಿದೆ. ಯಾವಾಗಲೂ ಒಂದೇ ಕಡೆ ತುಸು ದೂರ ನಿಂತರೆ ಸೆಟ್ಟಿಂಗಿನಿಂದ ಸುಧಾರಿಸಬಹುದು. ನಡುಗುತ್ತಾ ಹಾರಾಡಿದರೆ ಒಳಗೆ ಕೊಳೆ ಇದೆ, ಇಲ್ಲವೇ ಪಟ್ಟಿ ಸವೆದಿದೆ.

ಆಟದ ಅನುಭವವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಡೆಡ್‌ಝೋನ್, ಆದರೆ ಹೆಚ್ಚಿನವರು ಅದನ್ನು ಮುಟ್ಟಿಯೇ ನೋಡುವುದಿಲ್ಲ. ನಡುಬಿಂದುವಿನ ಸುತ್ತ ಇಷ್ಟು ಚಲನೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಗೇಮಿಗೆ ಹೇಳುವುದೇ ಡೆಡ್‌ಝೋನ್. ಎಕ್ಸ್‌ಬಾಕ್ಸ್ ಮಾದರಿಯ ಸ್ಟಿಕ್ ಒಂದು ದಿಕ್ಕಿಗೆ 32767ರವರೆಗೆ ಅಂಕಿ ಕೊಡುತ್ತದೆ. ಎಡ ಸ್ಟಿಕ್ಕಿಗೆ ಗೇಮ್ ಬರೆಯುವವರಿಗೆ ಮೈಕ್ರೋಸಾಫ್ಟ್ ಸೂಚಿಸಿದ ಡೆಡ್‌ಝೋನ್ 7849. ಅಂದರೆ ಹೆಚ್ಚುಕಡಿಮೆ ಕಾಲು ಭಾಗದ ಚಲನೆ ವ್ಯರ್ಥ! ಗುರಿಯನ್ನು ಕೂದಲೆಳೆಯಷ್ಟು ಸರಿಸಲು ಹೋದರೆ ಮೊದಲು ಏನೂ ಆಗದೆ, ಆಮೇಲೆ ಒಮ್ಮೆಗೇ ಜಿಗಿಯುವುದು ಇದರಿಂದಲೇ.

ಹೊಂದಿಸುವುದು ಹೀಗೆ: ಗೇಮಿನ ಕಂಟ್ರೋಲರ್ ಸೆಟ್ಟಿಂಗಿನಲ್ಲಿ ಡೆಡ್‌ಝೋನ್ ಸೊನ್ನೆಗೆ ಇಳಿಸಿ, ಸ್ಟಿಕ್ ಮುಟ್ಟದೆ ಪರದೆ ನೋಡಿ. ಕ್ಯಾಮೆರಾ ಸರಿದರೆ ಶೇ. 1ರಂತೆ ಏರಿಸುತ್ತಾ ಹೋಗಿ. ಸರಿಯುವುದು ನಿಂತ ಜಾಗದಿಂದ ಇನ್ನೂ ಶೇ. 2 ಸೇರಿಸಿ ಬಿಡಿ. ಒಳ್ಳೆಯ ಸ್ಟಿಕ್ಕಿಗೆ ಶೇ. 5ರಿಂದ 10 ಸಾಕು. ಶೇ. 20 ದಾಟಿಸಿದರಷ್ಟೇ ನಿಲ್ಲುತ್ತದೆ ಎಂದಾದರೆ ಸೆಟ್ಟಿಂಗಿನ ಕೆಲಸ ಮುಗಿಯಿತು, ಸ್ಟಿಕ್ ಸ್ವಚ್ಛ ಮಾಡಬೇಕು.

ಅದಕ್ಕೆ ಮೊಬೈಲ್ ರಿಪೇರಿಯವರು ಬಳಸುವ ಶೇ. 99ರ ಐಸೋಪ್ರೊಪೈಲ್ ಆಲ್ಕೊಹಾಲ್ ಬೇಕು. ಕಂಟ್ರೋಲರ್ ಆಫ್ ಮಾಡಿ. ಸೆಲ್ ಹಾಕುವ ಮಾದರಿಯಾದರೆ ಸೆಲ್ ತೆಗೆಯಿರಿ. ಸ್ಟಿಕ್ಕನ್ನು ಒಂದು ಬದಿಗೆ ವಾಲಿಸಿ, ಸಂದಿಯ ಧೂಳನ್ನು ಒಣ ಬ್ರಷ್‌ನಿಂದ ಹೊರಗೆಳೆಯಿರಿ. ನಂತರ ಎರಡು ಮೂರು ಹನಿ ಬಿಟ್ಟು ಮೂವತ್ತು ಸುತ್ತು ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಇನ್ನಷ್ಟು ಧೂಳನ್ನು ಹಿಡಿದಿಡುತ್ತದೆ. ಒಂದು ವಾರದೊಳಗೆ ಡ್ರಿಫ್ಟ್ ಮರಳಿದರೆ ಕಾರ್ಬನ್ ಸವೆದಿದೆ ಎಂದೇ ತಿಳಿಯಿರಿ.

ಗುಂಡಿ ಎರಡು ಸಲ ಒತ್ತಿದರಷ್ಟೇ ಕೆಲಸ ಮಾಡುತ್ತಿದ್ದರೆ ಕಾರಣ ಬೇರೆ. ಅದರಡಿಯ ರಬ್ಬರ್ ಪ್ಯಾಡಿನ ಕಪ್ಪು ಬೊಟ್ಟು ಮತ್ತು ಬೋರ್ಡಿನ ನಡುವೆ ಜಿಡ್ಡು ಕಟ್ಟಿರುತ್ತದೆ. ಬಿಚ್ಚಿ ಎರಡನ್ನೂ ಹತ್ತಿಯಿಂದ ಒರೆಸಿದರೆ ಮುಗಿಯಿತು. ಶೇಂಗಾ ಹಿಂಡಿ ಮುಟ್ಟಿದ ಕೈಯನ್ನು ತೊಳೆದೇ ಆಟಕ್ಕೆ ಕೂರಿ.

ಹೊಸದು ಕೊಳ್ಳುವಾಗ ಎಡ ಹೆಬ್ಬೆರಳು ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿ. ಎಕ್ಸ್‌ಬಾಕ್ಸ್ ಮಾದರಿಯಲ್ಲಿ ಆ ಸಹಜ ಜಾಗದಲ್ಲಿ ಸ್ಟಿಕ್ ಇದೆ. ಫುಟ್‌ಬಾಲ್, ಶೂಟಿಂಗ್ ಗೇಮ್ ಆಡುವವರಿಗೆ ಗಂಟೆಗಟ್ಟಲೆ ಆಡಿದರೂ ಹೆಬ್ಬೆರಳು ಕಡಿಮೆ ನೋಯುತ್ತದೆ. ಪ್ಲೇಸ್ಟೇಷನ್ ಮಾದರಿಯಲ್ಲಿ ಅಲ್ಲಿರುವುದು ಡಿ-ಪ್ಯಾಡ್, ಅಂದರೆ ನಾಲ್ಕು ದಿಕ್ಕಿಗೆ ಒತ್ತುವ ಗುಂಡಿ. ನಿಂಟೆಂಡೋದ ಗುನ್ಪೇ ಯೊಕೊಯ್ 1982ರಲ್ಲಿ ತಂದ ಕೂಡು ಆಕಾರದ ಡಿ-ಪ್ಯಾಡ್ ಒಂದೇ ತುಂಡಾಗಿ ನಡುವೆ ಆನಿಕೊಂಡು ಓಲಾಡುವುದರಿಂದ, ಎಡ-ಬಲ ಒಟ್ಟಿಗೆ ಒತ್ತಿ ಹೋಗುವುದಿಲ್ಲ. ಫೈಟಿಂಗ್ ಗೇಮಿಗೆ, ಹಳೆಯ ಓಡು-ಜಿಗಿ ಗೇಮುಗಳಿಗೆ ಇದೇ ಮೇಲು. ರೇಸಿಂಗ್ ಆಡುವವರು ತೋರುಬೆರಳಿನಿಂದ ಒತ್ತುವ ಟ್ರಿಗ್ಗರ್ ನೋಡಬೇಕು: ಒತ್ತಿದಷ್ಟೇ ವೇಗ ಕೊಡುವ ಅನಲಾಗ್ ಟ್ರಿಗ್ಗರ್ ಇರಲಿ. ಅಗ್ಗದವುಗಳಲ್ಲಿ ಅದು ಬರೀ ಗುಂಡಿ, ಆಕ್ಸಿಲರೇಟರ್ ಪೂರ್ತಿ ಇಲ್ಲವೇ ಸೊನ್ನೆ.

ನಮ್ಮ ಧೂಳಿಗೆ ಹಾಲ್ ಎಫೆಕ್ಟ್ ಸ್ಟಿಕ್ ಇರುವುದೇ ಒಳ್ಳೆಯದು. ಅಲ್ಲಿ ಆಯಸ್ಕಾಂತದ ಸ್ಥಾನವನ್ನು ಸೆನ್ಸಾರ್ ಮುಟ್ಟದೆಯೇ ಓದುತ್ತದೆ, ಸವೆಯಲು ಕಾರ್ಬನ್ ಪಟ್ಟಿಯೇ ಇಲ್ಲ. ಹಳೆಯ ಕಂಟ್ರೋಲರಿಗೂ ಹಾಕಿಸಬಹುದು. ಆದರೆ ಸಾಮಾನ್ಯ ಸ್ಟಿಕ್ ಮಾಡ್ಯೂಲಿನ 14 ಕಾಲುಗಳನ್ನು ಬೋರ್ಡ್ ಕೆಡದಂತೆ ಬಿಡಿಸಿ ಮತ್ತೆ ಸೋಲ್ಡರ್ ಮಾಡಬೇಕು. ಕೈ ಪಳಗಿದ ಮೊಬೈಲ್ ರಿಪೇರಿಯವರಿಗೇ ಕೊಡಿ. ಕೆಲಸವಾದ ಮೇಲೆ ನಡುಬಿಂದುವಿನ ಹೊಂದಾಣಿಕೆ (ಕ್ಯಾಲಿಬ್ರೇಷನ್) ಮಾಡಿಸಿಕೊಂಡು, ಅಂಗಡಿಯಲ್ಲೇ ಮೇಲಿನ ಹತ್ತು ಸಲದ ಪರೀಕ್ಷೆ ಮಾಡಿ. ಮನೆಗೆ ಬಂದು ಡೆಡ್‌ಝೋನನ್ನು ಮತ್ತೆ ಸೊನ್ನೆಯಿಂದ ಹೊಂದಿಸಿ. ಹಳೆಯ ಸ್ಟಿಕ್ಕಿನ ಅಳತೆ ಹೊಸದಕ್ಕೆ ನಡೆಯದು.