ಸುಟ್ಟಗಾಯದ ಐಸಿಯುನಲ್ಲಿ ಇನ್ಸುಲಿನ್ ಡ್ರಿಪ್: ಫೀಡಿಗೆ ಗಂಟು ಹಾಕಿದ ಮೇಲೆ ಸಕ್ಕರೆ ಹದಕ್ಕೆ ಬಂತು

ಮೈಯ ಶೇ. 30ಕ್ಕಿಂತ ಹೆಚ್ಚು ಸುಟ್ಟ ರೋಗಿಯ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಡ್ರಿಪ್ಪಿನಿಂದ 140–180 ಮಿ.ಗ್ರಾಂ./ಡೆ.ಲೀ. ಒಳಗೆ ಹಿಡಿಯುತ್ತೇವೆ ಎಂದಾಗ, ಡ್ರೆಸಿಂಗ್ ದಿನ ಹೈಪೋ (ಸಕ್ಕರೆ ಅತಿಯಾಗಿ ಕುಸಿಯುವುದು) ಆಗುತ್ತದೆ, ಗಂಟೆಗೊಮ್ಮೆ ನೋಡಲು ನರ್ಸ್‌ಗಳಿಗೆ ಪುರುಸೊತ್ತಿಲ್ಲ ಎಂದವರೇ ಹೆಚ್ಚು. ಈಗ ಆ ಗಂಟೆಗೊಮ್ಮೆಯ ಲೆಕ್ಕದ ಚಾರ್ಟು ನಮ್ಮಲ್ಲಿ ಪ್ರತಿ ಹಾಸಿಗೆಯ ಪಕ್ಕದಲ್ಲಿದೆ.

ಆಗಿನ ಸಕ್ಕರೆ ನೋಡಿ ಚರ್ಮದಡಿ ಇನ್ಸುಲಿನ್ ಕೊಡುವ ಸ್ಲೈಡಿಂಗ್ ಸ್ಕೇಲ್ ಮೊದಲೇ ಕೈಕೊಟ್ಟಿತ್ತು. ಊದಿದ ಚರ್ಮದಿಂದ ಇನ್ಸುಲಿನ್ ಯಾವಾಗ ರಕ್ತಕ್ಕಿಳಿಯುತ್ತದೆ ಎಂದು ಹೇಳಲಾಗದು. ಎರಡು ಡೋಸ್ ಅಲ್ಲೇ ಕೂತು ಮೂರನೆಯದರ ಜೊತೆ ಒಟ್ಟಿಗೆ ಎರಗುತ್ತವೆ. ಹಸಿವೆಯಲ್ಲಿಟ್ಟರೆ ಸಕ್ಕರೆ ಇಳಿದೀತೆಂಬ ಆಸೆಯೂ ಸುಳ್ಳು. ಗಾಯದಿಂದ ಬರುವ ಲ್ಯಾಕ್ಟೇಟ್, ಸ್ನಾಯು ಕರಗಿ ಬರುವ ಅಲನೈನ್ ಎರಡನ್ನೂ ಯಕೃತ್ತು ಗ್ಲೂಕೋಸ್ ಮಾಡುತ್ತಲೇ ಇರುತ್ತದೆ. ಫೀಡ್ (ಟ್ಯೂಬಿನಲ್ಲಿ ಕೊಡುವ ಆಹಾರ) ಕಡಿಮೆ ಮಾಡಿದರೆ ಸವೆಯುವುದು ಸ್ನಾಯು.

ಡ್ರಿಪ್ ಸರಳ: 50 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್. ಮೊದಲ 20 ಮಿ.ಲೀ. ಟ್ಯೂಬಿನಲ್ಲಿ ಹರಿಸಿ ಚೆಲ್ಲಬೇಕು. ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಚೆಲ್ಲದಿದ್ದರೆ ಮೊದಲ ಗಂಟೆಗಳಲ್ಲಿ ರೋಗಿಗೆ ತಲುಪುವುದು ಕಡಿಮೆ, ನೀವು ದರ ಏರಿಸುತ್ತ ಹೋಗುತ್ತೀರಿ, ಆಮೇಲೆ ದಿಢೀರನೆ ಕುಸಿತ. ರಕ್ತದ ಪೊಟ್ಯಾಸಿಯಂ 3.3 mEq/Lಗಿಂತ ಕಡಿಮೆಯಿದ್ದರೆ ಶುರುಮಾಡುವಂತಿಲ್ಲ. ಗಂಟೆಗೆ 1–2 ಯೂನಿಟ್‌ನಿಂದ ಆರಂಭ.

ಮುಖ್ಯ ಸಂಗತಿ ಫೀಡ್ ಪಂಪು. ಚಾರ್ಟಿನಲ್ಲಿ ಫೀಡ್, ಇನ್ಸುಲಿನ್ ಎರಡರ ದರವೂ ಒಂದೇ ಸಾಲಿನಲ್ಲಿರಬೇಕು. ಸರ್ಜರಿ, ಟ್ಯೂಬ್ ಬ್ಲಾಕ್, ವಾಂತಿ – ಕಾರಣ ಯಾವುದೇ ಇರಲಿ, ಫೀಡ್ ನಿಲ್ಲಿಸಿದ ಕೈಯೇ ಇನ್ಸುಲಿನ್ ಅರ್ಧಕ್ಕಿಳಿಸಿ 10% ಡೆಕ್ಸ್ಟ್ರೋಸ್ ಗಂಟೆಗೆ ಸುಮಾರು 50 ಮಿ.ಲೀ. ಹಚ್ಚಬೇಕು, ಅರ್ಧ ಗಂಟೆಗೆ ಸಕ್ಕರೆ ನೋಡಬೇಕು. 140ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ಡ್ರಿಪ್ ಬಂದ್. ಹೈಪೋ ಆಗುತ್ತಿದ್ದದ್ದೆಲ್ಲ ಹೆಚ್ಚಾಗಿ ಈ ಸಂದಿಯಲ್ಲೇ. ಫೀಡ್ ಮರಳಿದಾಗ ದರ ಹೇಗೆ ಏರಿಸುತ್ತೇವೆ ಎಂಬ ಕೋಷ್ಟಕ ಇಲ್ಲಿ ಕೊಡುತ್ತಿಲ್ಲ. ನಿಮ್ಮ ಫೀಡು, ನಿಮ್ಮ ಕೈಗಳಿಗೆ ತಕ್ಕಂತೆ ಅದನ್ನು ನೀವೇ ಕಟ್ಟಬೇಕು.

ಸ್ಯಾಂಪಲ್ ಆರ್ಟೀರಿಯಲ್ ಲೈನಿನಿಂದ (ಅಪಧಮನಿಗೆ ಹಾಕಿದ ನಳಿಕೆ). ಊತವಿರುವ, ವಾಸೊಪ್ರೆಸರ್ (ರಕ್ತದೊತ್ತಡ ಏರಿಸುವ ಔಷಧಿ) ಮೇಲಿರುವ ರೋಗಿಯ ಬೆರಳಿನ ರಕ್ತವನ್ನು ನಂಬಬೇಡಿ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಇಳಿದಾಗ ಮೀಟರ್ ಹೆಚ್ಚು ತೋರಿಸುತ್ತದೆ. ಹೆಚ್ಚಿನ ಡೋಸ್ ವಿಟಮಿನ್ ಸಿ ಓಡುತ್ತಿದ್ದರಂತೂ ಕೆಲವು ಮೀಟರುಗಳು ಇಲ್ಲದ ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಪ್ರಾಣಕ್ಕೇ ಸಂಚಕಾರ. ಆಗ ಲ್ಯಾಬ್ ಗ್ಲೂಕೋಸ್ ಮಾತ್ರ. ಚರ್ಮಕ್ಕಂಟಿಸುವ ಸೆನ್ಸರನ್ನೂ ಪಕ್ಕದಲ್ಲಿಟ್ಟು ನೋಡಿದೆವು: ಊತವಿರುವಷ್ಟು ದಿನ ಆರ್ಟೀರಿಯಲ್‌ಗೆ ತಾಳೆಯಾಗಲಿಲ್ಲ, ಏರಿಳಿತದ ದಿಕ್ಕು ತಿಳಿಯಲಷ್ಟೇ ಬಂತು.

ಖರ್ಚು ಸಕ್ಕರೆ ಪರೀಕ್ಷೆಯ ಕಾರ್ಟ್ರಿಡ್ಜಿನದು, ನರ್ಸಿನ ಸಮಯದ್ದು. ಕಡಿತಕ್ಕೆ ದಾರಿಯಿದೆ: ಸತತ ಮೂರು ಓದು ಹದದಲ್ಲಿದ್ದು, ಫೀಡೂ ಡ್ರಿಪ್ಪಿನ ದರವೂ ಬದಲಾಗದಿದ್ದರೆ ಎರಡು ಗಂಟೆಗೊಮ್ಮೆ ನೋಡಿದರೆ ಸಾಕು. ಉಳಿದದ್ದಕ್ಕೆ ಆಡಳಿತದವರು ತಕರಾರು ತೆಗೆದರೆ, ಸಕ್ಕರೆ ಹದ ತಪ್ಪಿ ಸೋಂಕು ತಗುಲಿ ಉದುರಿದ ಒಂದು ಗ್ರಾಫ್ಟಿನ (ಕಸಿ ಮಾಡಿದ ಚರ್ಮ) ಬಿಲ್ಲನ್ನು ಮುಂದಿಡಿ.

ಇನ್ನೊಂದು ಲೆಕ್ಕ ಬಹಳ ಕಡೆ ತಪ್ಪುತ್ತದೆ. ದೇಹ ಸುಡಬಲ್ಲ ಗ್ಲೂಕೋಸ್ ನಿಮಿಷಕ್ಕೆ ಕಿಲೋಗೆ ಸುಮಾರು 5 ಮಿ.ಗ್ರಾಂ.; 70 ಕಿಲೋದವರಿಗೆ ದಿನಕ್ಕೆ 500 ಗ್ರಾಂ. ಆಸುಪಾಸು. ಫೀಡಿನ ಲೆಕ್ಕ ಬರೆದವರು ಆ್ಯಂಟಿಬಯೋಟಿಕ್ ಕಲಸಿದ 5% ಡೆಕ್ಸ್ಟ್ರೋಸ್ ಬಿಟ್ಟಿರುತ್ತಾರೆ. 100 ಮಿ.ಲೀ.ನ ನಾಲ್ಕು ಬಾಟಲಿ ಎಂದರೆ 20 ಗ್ರಾಂ. ಸಕ್ಕರೆ. ಔಷಧಿಗೆ ಒಗ್ಗುವುದಾದರೆ ಸಲೈನಿನಲ್ಲೇ ಕಲಸಿ.

ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಜೊತೆಗಿದ್ದರೆ ಎದೆಬಡಿತ ಏರಿ ಹೈಪೋ ತಿಳಿಸುತ್ತದೆಂದು ಕಾಯಬೇಡಿ, ಏರುವುದಿಲ್ಲ.

ಫೀಡ್ ಬದಲಾಗದೆ, 24 ಗಂಟೆಯಲ್ಲಿ ಇನ್ಸುಲಿನ್ ಬೇಡಿಕೆ ಕಾಲು ಭಾಗಕ್ಕಿಂತ ಹೆಚ್ಚು ಏರಿದರೆ, ಅಥವಾ ಗಂಟೆಗೆ 7 ಯೂನಿಟ್ ದಾಟಿದರೆ, ದರ ತಿದ್ದಿ ಸುಮ್ಮನಾಗಬೇಡಿ. ಅಮೆರಿಕನ್ ಬರ್ನ್ ಅಸೋಸಿಯೇಷನ್ನಿನ 2007ರ ಸೆಪ್ಸಿಸ್ (ಸೋಂಕಿಗೆ ಇಡೀ ದೇಹ ತತ್ತರಿಸುವ ಸ್ಥಿತಿ) ಮಾನದಂಡದಲ್ಲೂ ಇದಿದೆ. ಡ್ರೆಸಿಂಗ್ ಬಿಚ್ಚಿ ಗಾಯದ ಬಣ್ಣ, ವಾಸನೆ ನೋಡಿ, ಹಳೆಯ ಲೈನುಗಳನ್ನು ಪರೀಕ್ಷಿಸಿ, ಕಲ್ಚರ್ ಕಳಿಸಿ. ಜ್ವರ ಇಲ್ಲಿ ನೆಚ್ಚುವ ಸುಳಿವಲ್ಲ, ದೊಡ್ಡ ಸುಟ್ಟಗಾಯದವರಿಗೆ ಅದು ಹೇಗೂ ಇರುತ್ತದೆ.